ಹಳೇ ಟರ್ನ್‌ಟೇಬಲ್: ಮೊದಲು ರಿಪೇರಿ, ಆಮೇಲೆ ಅಪ್‌ಗ್ರೇಡ್

ಇದು ನಾನು ಕೇಳುಗರ ಮುಂದೆ ಮಾತಾಡಿದ್ದು, ಆದಷ್ಟೂ ಹಂಗೇ ಬರೆದಿದೀನಿ, ಮಧ್ಯೆ ಬಂದ ಪ್ರಶ್ನೆಗಳನ್ನ ಆಯಾ ಜಾಗದಲ್ಲೇ ಸೇರಿಸಿದೀನಿ.

ಹಳೇ ಟರ್ನ್‌ಟೇಬಲ್, ಅಂದ್ರೆ ಎಲ್‌ಪಿ ರೆಕಾರ್ಡ್ ಹಾಕೋ ಮಷೀನು, ಒಂದು ಕೈಗೆ ಸಿಕ್ಕಿದ ತಕ್ಷಣ ಎಲ್ರೂ ಕೇಳೋ ಪ್ರಶ್ನೆ ಒಂದೇ, ಇದಕ್ಕೆ ಯಾವ ಕಾರ್ಟ್ರಿಡ್ಜ್ (ಸೂಜಿಯ ಅಲ್ಲಾಟವನ್ನ ಸಿಗ್ನಲ್ ಮಾಡೋ ಚಿಕ್ಕ ಡಬ್ಬಿ) ಹಾಕಿದ್ರೆ ಚೆನ್ನಾಗಿರತ್ತೆ ಅಂತ. ನಾನಿವತ್ತು ಹೇಳಕ್ಕೆ ಬಂದಿರೋದು ಏನಂದ್ರೆ ಅದು ಕೊನೇ ಪ್ರಶ್ನೆ ಆಗ್ಬೇಕು. ಅದಕ್ಕಿಂತ ಮುಂಚೆ ಬೇರಿಂಗು, ರಬ್ಬರು, ಮೋಟರು, ಕಾರ್ಟ್ರಿಡ್ಜ್ ಹಿಡಿದಿರೋ ತೋಳು ಅಂದ್ರೆ ಆರ್ಮು ಇವೆಲ್ಲ ಫ್ಯಾಕ್ಟರಿಯಿಂದ ಬಂದಾಗ ಹೆಂಗಿತ್ತೋ ಆ ಸ್ಥಿತಿಗೆ ಬರ್ಬೇಕು, ಯಾಕಂದ್ರೆ ಅಲ್ಲೀವರೆಗೂ ಆ ಮಷೀನು ನಿಜವಾಗ್ಲೂ ಹೆಂಗೆ ಕೇಳಿಸತ್ತೆ ಅನ್ನೋದೇ ನಮಗೆ ಗೊತ್ತಿರಲ್ಲ. ಗೊತ್ತಿಲ್ಲದೇ ಇರೋದನ್ನ ಉತ್ತಮ ಮಾಡ್ತೀನಿ ಅಂತ ಹೊರಟ್ರೆ ದುಡ್ಡು ಖರ್ಚಾಗತ್ತೆ, ಸದ್ದು ಬದಲಾಗತ್ತೆ, ಉತ್ತಮ ಆಯ್ತಾ ಅಂದ್ರೆ ಹೇಳಕ್ಕೆ ಬರಲ್ಲ.

ಮೊದಲು ಸ್ವಲ್ಪ ಅಳತೆ ನೋಡೋಣ, ಇದು ತಲೇಲಿ ಕೂತ್ರೆ ಉಳಿದಿದ್ದು ತಾನಾಗೇ ಅರ್ಥ ಆಗತ್ತೆ. ಒಂದು ಎಲ್‌ಪಿಯ ಒಂದು ಬದಿಯ ಗೀರನ್ನ ಬಿಚ್ಚಿ ಉದ್ದಕ್ಕೆ ಹಾಸಿದ್ರೆ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಆಗತ್ತೆ. ಆ ಗೀರಿನಲ್ಲಿ ಓಡೋ ಸಾಮಾನ್ಯ ದುಂಡು ಸ್ಟೈಲಸ್‌ನ, ಅಂದ್ರೆ ಸೂಜಿಯ, ತುದಿ ರೇಡಿಯಸ್ಸು 15ರಿಂದ 18 ಮೈಕ್ರಾನ್. ಗೀರಿನ ಗೋಡೆ ಮೇಲಿನ ಸೂಕ್ಷ್ಮ ಏರಿಳಿತಗಳು ಒಂದು ಮೈಕ್ರಾನ್‌ಗಿಂತಾನೂ ಚಿಕ್ಕವು. ಇದನ್ನ ಓದಿ ಮೂವಿಂಗ್ ಮ್ಯಾಗ್ನೆಟ್ (ಒಳಗೆ ಚಿಕ್ಕ ಆಯಸ್ಕಾಂತ ಅಲ್ಲಾಡೋ ಜಾತಿಯ) ಕಾರ್ಟ್ರಿಡ್ಜ್ ಕೊಡೋದು 3ರಿಂದ 5 ಮಿಲಿವೋಲ್ಟ್ ಅಷ್ಟೇ. ಫೋನೋ ಪ್ರಿಆಂಪ್ ಅದನ್ನ ಒಂದು ಕಿಲೋಹರ್ಟ್ಜ್‌ನಲ್ಲಿ ಸುಮಾರು ನೂರು ಪಟ್ಟು ದೊಡ್ಡದು ಮಾಡತ್ತೆ. ಆದ್ರೆ 1954ರಿಂದ ಬಂದಿರೋ ಆರ್‌ಐಎಎ ಕರ್ವ್ (ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘದ ಅಳತೆಗೆರೆ) ಪ್ರಕಾರ ರೆಕಾರ್ಡ್ ಕೊರೆಯೋವಾಗ ಬಾಸ್ ತಗ್ಗಿಸಿ ಟ್ರೆಬಲ್ ಏರಿಸಿರ್ತಾರೆ, ಕೇಳೋವಾಗ ಅದನ್ನ ಉಲ್ಟಾ ಮಾಡ್ಬೇಕು, ಹಾಗಾಗಿ 20 ಹರ್ಟ್ಜ್ ಹತ್ರ ಇನ್ನೊಂದು 19 ಡೆಸಿಬೆಲ್ ಸೇರಿ ಒಟ್ಟು ಸಾವಿರ ಪಟ್ಟಿಗೆ ಹತ್ತಿರ ಹೋಗತ್ತೆ. ಬೇರಿಂಗ್ ಒರಟುತನ, ಮೋಟರ್ ನಡುಕ, ಗಟ್ಟಿಯಾದ ರಬ್ಬರಿನ ಗುಡುಗುಡು, ಇವೆಲ್ಲ ಬರೋದು ಸರಿಯಾಗಿ ಈ ಜಾಗದಲ್ಲೇ. ಸ್ಟೈಲಸ್‌ಗೆ ಯಾವ್ದು ಹಾಡು ಯಾವ್ದು ಮೋಟರ್ ಅಂತ ವ್ಯತ್ಯಾಸ ಗೊತ್ತಾಗಲ್ಲ, ಅಲ್ಲಾಡಿದ್ದೆಲ್ಲ ಅದಕ್ಕೆ ಸಿಗ್ನಲ್ಲೇ. ಒಳ್ಳೇ ಕಾರ್ಟ್ರಿಡ್ಜ್ ಹಾಕಿದ್ರೆ ಆ ನಡುಕವನ್ನೂ ಅಷ್ಟೇ ಚೆನ್ನಾಗಿ ಓದಿ ಕೊಡತ್ತೆ.

ನಿಮ್ಮ ಹತ್ರ ಇರೋದು ಯಾವ ಜಾತಿ ಅಂತ ಮೊದಲು ಗುರುತಿಸ್ಬೇಕು, ಯಾಕಂದ್ರೆ ಒಂದೊಂದೂ ಬೇರೆ ಬೇರೆ ಕಡೆ ಹಳಸತ್ತೆ. ಐಡ್ಲರ್ ಡ್ರೈವ್‌ನಲ್ಲಿ ಮೋಟರ್ ಶಾಫ್ಟಿಗೂ ಪ್ಲ್ಯಾಟರ್ (ರೆಕಾರ್ಡ್ ಕೂರೋ ತಿರುಗು ತಟ್ಟೆ) ಅಂಚಿಗೂ ಮಧ್ಯೆ ಒಂದು ರಬ್ಬರ್ ಚಕ್ರ ಒತ್ಕೊಂಡು ಓಡತ್ತೆ, 1954ರ ಗ್ಯಾರಾರ್ಡ್ 301 ಇದಕ್ಕೆ ದೊಡ್ಡ ಹೆಸರು. 1957ರ ಥೋರೆನ್ಸ್ ಟಿಡಿ 124ರಲ್ಲಿ ಬೆಲ್ಟೂ ಇದೆ ಐಡ್ಲರೂ ಇದೆ, ಲೆಂಕೋ ಎಲ್75ರಲ್ಲಿ ಚಕ್ರ ನೆಟ್ಟಗೆ ನಿಂತ್ಕೊಂಡು ಕೋನಾಕಾರದ ಶಾಫ್ಟ್ ಮೇಲೆ ಓಡತ್ತೆ, ಹಾಗಾಗಿ ಸ್ಪೀಡನ್ನ ಎಲ್ಲಿ ಬೇಕೋ ಅಲ್ಲಿಗೆ ಜರುಗಿಸ್ಬಹುದು. ಮೋಟರು ರಬ್ಬರ್ ಬೆಲ್ಟಿನಿಂದ ಪ್ಲ್ಯಾಟರ್ ತಿರುಗಿಸೋ ಬೆಲ್ಟ್ ಡ್ರೈವಿನ ಕಥೆ ತಿರುಗಿದ್ದು 1961ರಲ್ಲಿ, ಎಡ್ಗರ್ ವಿಲ್ಚರ್ ಮಾಡಿದ ಎಆರ್ ಟರ್ನ್‌ಟೇಬಲ್ ಬಂದಾಗ. ಪ್ಲ್ಯಾಟರು ಆರ್ಮು ಎರಡನ್ನೂ ಒಂದೇ ಸಬ್‌ಚಾಸಿಗೆ (ಒಳಗಿನ ಬೇರೆ ಚೌಕಟ್ಟಿಗೆ) ಕೂರಿಸಿ ಅದನ್ನ ಮೂರು ಸ್ಪ್ರಿಂಗ್ ಮೇಲೆ ತೇಲಿಸಿ ಮೋಟರನ್ನ ಅದರಿಂದ ಬೇರೆ ಇಟ್ರು. ಆಮೇಲಿನ ಥೋರೆನ್ಸ್ ಟಿಡಿ 150, ಟಿಡಿ 160, ಲಿನ್ ಎಲ್‌ಪಿ12 ಎಲ್ಲ ಇದೇ ದಾರಿ. ಡೈರೆಕ್ಟ್ ಡ್ರೈವ್ ಅಂದ್ರೆ ಪ್ಲ್ಯಾಟರೇ ಮೋಟರ್ ತಲೆ ಮೇಲೆ, 1970ರ ಟೆಕ್ನಿಕ್ಸ್ ಎಸ್‌ಪಿ-10ರಿಂದ ಶುರು, 1972ರಲ್ಲಿ ಎಸ್ಎಲ್-1200, 1979ರಲ್ಲಿ ಕ್ವಾರ್ಟ್ಜ್ ಲಾಕ್ (ಹರಳಿನ ಸಹಾಯದಿಂದ ಸ್ಪೀಡ್ ಹಿಡಿಯೋ ಸರ್ಕ್ಯೂಟ್) ಇರೋ ಎಂಕೆ2.

ಕೈ ಹಾಕೋ ಮುಂಚೆ ಕರೆಂಟಿನ ವಿಚಾರ. ಪ್ಲಗ್ ಕಿತ್ತು ಪಕ್ಕಕ್ಕಿಟ್ಟೇ ಕೆಳಗಿನ ತಟ್ಟೆ ಬಿಚ್ಚಬೇಕು. ಹಳೇ ಮೇನ್ಸ್ ವೈರಿನ ತೊಗಲು ಬಿರುಕು ಬಿಟ್ಟಿದ್ರೆ ಯೋಚ್ನೆ ಮಾಡ್ದೇ ಬದಲಾಯಿಸಿ. ಪವರ್ ಸ್ವಿಚ್ಚಿಗೆ ಅಡ್ಡ ಒಂದು ಚಿಕ್ಕ ಕೆಪಾಸಿಟರ್ ಇರತ್ತೆ, ಸ್ವಿಚ್ ಆಫ್ ಮಾಡಿದಾಗ ಸ್ಪೀಕರಿನಲ್ಲಿ ಟಪ್ ಅನ್ನದೇ ಇರ್ಲಿ ಅಂತ. ಹಳೇ ಕಾಗದದ ಜಾತಿಯವು ವರ್ಷಾನುಗಟ್ಲೆ ತೇವ ಎಳ್ಕೊಂಡು ಮೈ ಮೇಲೆ ಕೂದಲೆಳೆಯಷ್ಟು ಬಿರುಕು ಬಿಟ್ಟಿರ್ತವೆ, ಒಂದಿನ ಪಟ್ ಅಂತ ಒಡೆದು ರೂಮು ತುಂಬ ಹೊಗೆ. ಅದರ ಜಾಗಕ್ಕೆ ಮೇನ್ಸ್‌ಗೆ ಅಂತಾನೇ ಮಾಡಿದ ಎಕ್ಸ್2 ದರ್ಜೆಯ ಕೆಪಾಸಿಟರ್ರೇ ಬೇಕು, ಮೈಮೇಲೆ ಬರೆದಿರೋ ಮೈಕ್ರೋಫ್ಯಾರಡ್ ಬೆಲೆ ಹಳೇದರದ್ದೇ ಇರ್ಲಿ. ಮಾಮೂಲಿ ಕೆಪಾಸಿಟರ್ ಅಲ್ಲಿ ಹಾಕೋದು ಅಪಾಯ. ಈ ಭಾಗದಲ್ಲಿ ಕೈ ನಡುಗತ್ತೆ ಅನ್ನೋರು ಗೊತ್ತಿರೋ ಎಲೆಕ್ಟ್ರಿಷಿಯನ್ ಹತ್ರ ಮಾಡಿಸ್ಬಿಡಿ, ಉಳಿದ ಕೆಲಸ ಎಲ್ಲ ನೀವೇ ಮಾಡ್ಬಹುದು.

ಇದರ ಜೊತೆಗೇ ವೋಲ್ಟೇಜು ಮತ್ತೆ ಫ್ರೀಕ್ವೆನ್ಸಿ. ಬೇರೆ ದೇಶದ ಮಷೀನು ತಂದೋರು ವೋಲ್ಟೇಜ್ ಇಳಿಸಕ್ಕೆ ಟ್ರಾನ್ಸ್‌ಫಾರ್ಮರ್ ಹಾಕಿ, ಓಡ್ತಿದೆ ಆದ್ರೆ ಹಾಡು ಎಳ್ದಂಗೆ ಕೇಳತ್ತೆ ಅಂತಾರೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನ ಮಾತ್ರ ಬದಲಾಯಿಸತ್ತೆ, ಸೆಕೆಂಡಿಗೆ 50 ಸಲವೋ 60 ಸಲವೋ ಅನ್ನೋದು ಹಂಗೇ ಉಳಿಯತ್ತೆ, ಮತ್ತೆ ಎಸಿ ಸಿಂಕ್ರೊನಸ್ ಮೋಟರ್ ಸ್ಪೀಡು ನಿಂತಿರೋದೇ ಫ್ರೀಕ್ವೆನ್ಸಿ ಮೇಲೆ. 60 ಹರ್ಟ್ಜ್‌ಗೆ ಮಾಡಿದ ಪುಲ್ಲಿ (ಮೋಟರ್ ಶಾಫ್ಟಿನ ಚಿಕ್ಕ ಗಾಲಿ) 50 ಹರ್ಟ್ಜ್‌ನಲ್ಲಿ ಓಡಿದ್ರೆ ನಿಮಿಷಕ್ಕೆ 33⅓ ಸುತ್ತೋ ಬದಲು 27.8 ಸುತ್ತತ್ತೆ, ಉಲ್ಟಾ ಆದ್ರೆ 40. ಇದಕ್ಕೆ ಮದ್ದು ಸರಿಯಾದ ವ್ಯಾಸದ ಪುಲ್ಲಿ, ಇಲ್ಲಾಂದ್ರೆ ಫ್ರೀಕ್ವೆನ್ಸಿಯನ್ನೇ ಹೊಸದಾಗಿ ಹುಟ್ಟಿಸೋ ಮೋಟರ್ ಕಂಟ್ರೋಲರ್, ಅದರ ವಿಚಾರ ಮುಂದೆ ಬರತ್ತೆ.

ಈಗ ಪ್ಲ್ಯಾಟರ್ ತಿರುಗೋ ಬೇರಿಂಗ್. ನನ್ನ ಲೆಕ್ಕದಲ್ಲಿ ಇಡೀ ಮಷೀನಿನ ಜೀವ ಇರೋದು ಇಲ್ಲೇ, ಆದ್ರೆ ಅತಿ ಕಡಿಮೆ ಜನ ನೋಡೋದೂ ಇದನ್ನೇ. ಪ್ಲ್ಯಾಟರ್ ಎತ್ತಿ ಸ್ಪಿಂಡಲನ್ನ, ಅಂದ್ರೆ ನಡುವಿನ ಕಂಬಿಯನ್ನ, ನಿಧಾನಕ್ಕೆ ಎಳೀರಿ, ಕೆಲವು ಮಷೀನಲ್ಲಿ ತಳದಲ್ಲಿ ಒಂದು ಚಿಕ್ಕ ಉಕ್ಕಿನ ಗುಂಡು ಬಿಡಿಯಾಗಿರತ್ತೆ, ಎಣ್ಣೆಗೆ ಅಂಟ್ಕೊಂಡು ಸ್ಪಿಂಡಲ್ ಜೊತೆ ಮೇಲೆ ಬಂದು ಎಲ್ಲೋ ಉರುಳಿ ಹೋಗ್ಬಿಡತ್ತೆ, ಅದಕ್ಕೆ ಬಿಳೀ ಬಟ್ಟೆ ಹಾಸ್ಕೊಂಡೇ ಮಾಡಿ. ಹಳೇ ಎಣ್ಣೆಯನ್ನ ಆ ಬಿಳೀ ಬಟ್ಟೆಗೇ ಒರೆಸಿ ಬೆಳಕಿಗೆ ಹಿಡಿದು ನೋಡಿ. ಬರೀ ಕಂದು ಬಣ್ಣ ಇದ್ರೆ ವಯಸ್ಸಾಗಿದೆ ಅಷ್ಟೇ, ಹೊಳೆಯೋ ಲೋಹದ ಪುಡಿ ಕಂಡ್ರೆ ಒಳಗೆ ಸವೆತ ನಡೀತಿದೆ. ತಳದ ತಟ್ಟೇಲಿ ಗುಂಡು ಕೂತಿರೋ ಜಾಗದಲ್ಲಿ ಗುಳಿ ಬಿದ್ದಿದ್ರೆ ತಟ್ಟೆಯನ್ನ ತಿರುವಿ ಹಾಕ್ಬಹುದು ಇಲ್ಲಾ ಬದಲಾಯಿಸ್ಬಹುದು. ಗುಂಡು ಬದಲಾಯಿಸೋದು ಸುಲಭ, ಅಳತೆ ಸರಿಯಾಗಿರ್ಬೇಕು.

ಹೆಚ್ಚಿನ ಬೇರಿಂಗ್‌ಗಳ ಬುಶ್ (ಸ್ಪಿಂಡಲ್ ಕೂರೋ ಕೊಳವೆ) ಸಿಂಟರ್ ಮಾಡಿದ ಕಂಚಿನದು, ಅಂದ್ರೆ ಲೋಹದ ಪುಡಿಯನ್ನ ಒತ್ತಿ ಬೇಯಿಸಿ ಮಾಡಿದ್ದು, ಮೈಯೆಲ್ಲ ಸೂಕ್ಷ್ಮ ರಂಧ್ರ, ಆ ರಂಧ್ರಗಳಲ್ಲಿ ಎಣ್ಣೆ ಕೂತಿರತ್ತೆ. ಇದನ್ನ ಸಾಲ್ವೆಂಟ್‌ನಲ್ಲಿ ಚೆನ್ನಾಗಿ ತೊಳೆದು ಮೇಲಿಂದ ಎರಡು ಹನಿ ಬಿಟ್ಟು ಮುಚ್ಚಿದ್ರೆ ಒಣಗಿದ ಬುಶ್ ಆ ಎರಡು ಹನೀನೂ ಕುಡಿದ್ಬಿಡತ್ತೆ, ಸ್ಪಿಂಡಲಿಗೆ ಏನೂ ಉಳಿಯಲ್ಲ. ತೊಳೆದ ಮೇಲೆ ಬಿಸಿ ಮಾಡಿದ ಎಣ್ಣೇಲಿ ಬುಶ್ ಮುಳುಗಿಸಿ ಗುಳ್ಳೆ ಬರೋದು ನಿಲ್ಲೋವರೆಗೂ ಬಿಡ್ಬೇಕು, ಬಿಚ್ಚಕ್ಕಾಗದೇ ಇರೋ ಬುಶ್ ಆದ್ರೆ ಎಣ್ಣೆ ತುಂಬಿ ಒಂದು ರಾತ್ರಿ ಬಿಟ್ಟು ಮತ್ತೆ ತುಂಬಬೇಕು. ಎಣ್ಣೆ ಅಂದ್ರೆ ಡಿಟರ್ಜೆಂಟ್ ಇಲ್ಲದ ತೆಳು ಮಿನರಲ್ ಎಣ್ಣೆ, ಗಾಡಿ ಎಂಜಿನ್ ಆಯಿಲ್ ಅಲ್ಲ, ತುಕ್ಕು ಬಿಡಿಸೋ ಸ್ಪ್ರೇ ಅಂತೂ ಅಲ್ವೇ ಅಲ್ಲ, ಅದು ಹಳೇ ಎಣ್ಣೇನ ಕರಗಿಸಿ ತಾನೂ ಆರಿ ಹೋಗತ್ತೆ. ಇದಕ್ಕೂ ಒಂದು ಅಪವಾದ ಇದೆ, ಮೊದಮೊದಲ ಗ್ಯಾರಾರ್ಡ್ 301ಗಳ ಬೇರಿಂಗ್ ಗ್ರೀಸಿನದು, ಆಮೇಲಿನವು ಎಣ್ಣೇದು. ನಿಮ್ಮ ಮಾಡೆಲ್ ಯಾವ್ದು ಬೇಡತ್ತೋ ಅದನ್ನ ಸರ್ವಿಸ್ ಮ್ಯಾನ್ಯುಯಲ್ ನೋಡಿ ಹಾಕಿ.

ಕೆಲಸ ಆಯ್ತಾ ಇಲ್ವಾ ಅಂತ ತಿಳಿಯಕ್ಕೆ ಒಂದು ಸುಲಭದ ಪರೀಕ್ಷೆ ಹೇಳ್ತೀನಿ. ಬೆಲ್ಟ್ ತೆಗೆದು ಅಥವಾ ಐಡ್ಲರ್ ಬಿಡಿಸಿ, ಪ್ಲ್ಯಾಟರನ್ನ ಕೈಯಿಂದ ಸುಮಾರು 33ರ ಸ್ಪೀಡಿಗೆ ತಿರುಗಿಸಿ ಬಿಡಿ, ನಿಲ್ಲಕ್ಕೆ ಎಷ್ಟು ಹೊತ್ತು ತಗೊಳತ್ತೆ ಬರ್ಕೊಳಿ. ಇದನ್ನ ಸರ್ವಿಸ್ ಮಾಡೋ ಮುಂಚೆ ಒಂದ್ಸಲ, ಮಾಡಿದ ಮೇಲೆ ಒಂದ್ಸಲ. ಬೇರೆಯವರ ಮಷೀನಿನ ಜೊತೆ ಹೋಲಿಸ್ಬೇಡಿ, ಪ್ಲ್ಯಾಟರ್ ತೂಕ ಬೇರೆ ಎಣ್ಣೆ ದಪ್ಪ ಬೇರೆ. ನಿಮ್ಮದನ್ನ ನಿಮ್ಮದರ ಜೊತೇನೇ ನೋಡಿ. ನಿಲ್ಲೋ ಗಳಿಗೇಲಿ ಪ್ಲ್ಯಾಟರ್ ನಯವಾಗಿ ನಿಂತ್ರೆ ಸರಿ, ಗಕ್ಕನೆ ಹಿಡ್ಕೊಂಡ್ರೆ ಒಳಗೆ ಇನ್ನೂ ಕೊಳೆ ಇದೆ.

ರಬ್ಬರಿನ ವಿಚಾರಕ್ಕೆ ಬಂದ್ರೆ, ಬೆಲ್ಟ್ ಅನ್ನೋದು ಹೊಸದನ್ನೇ ಹಾಕೋ ವಸ್ತು, ಅದರ ಬಗ್ಗೆ ಚರ್ಚೆ ಬೇಡ. ಕೆಲವು ಹಳೇ ಬೆಲ್ಟ್‌ಗಳು ಡಾಂಬರಿನ ಹಾಗೆ ಕರಗಿ ಪ್ಲ್ಯಾಟರಿಗೆ ಮೆತ್ಕೊಂಡಿರ್ತವೆ, ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ತಾಳ್ಮೆಯಿಂದ ಒರೆಸ್ಬೇಕು, ಹೊಸ ಬೆಲ್ಟನ್ನ ಕೈ ಎಣ್ಣೆ ತಾಗದ ಹಾಗೆ ಹಾಕ್ಬೇಕು. ಐಡ್ಲರ್ ಚಕ್ರ ಸ್ವಲ್ಪ ಬೇರೆ. ಗೇರ್ ಹಾಕಿಟ್ಟು ವರ್ಷಗಟ್ಲೆ ನಿಲ್ಲಿಸಿದ್ರೆ ಶಾಫ್ಟ್ ಒತ್ತಿದ ಜಾಗದಲ್ಲಿ ಚಕ್ರ ಚಪ್ಪಟೆ ಆಗಿರತ್ತೆ, ಒಂದೊಂದು ಸುತ್ತಿಗೂ ದಡ್ ದಡ್ ಅಂತ ಸ್ಪೀಕರಿನಲ್ಲಿ ಬರತ್ತೆ. ಮೇಲೆ ಗಟ್ಟಿ ಹೊಳಪು ಬಂದಿದ್ರೆ ಆಲ್ಕೊಹಾಲಿಂದ ಒರೆಸಿ, ಅತಿ ನಯವಾದ ಉಪ್ಪುಕಾಗದದಲ್ಲಿ ಚಕ್ರ ತಿರುಗ್ತಿರೋವಾಗ್ಲೇ ಸ್ವಲ್ಪ ಮುಟ್ಟಿಸಿ ತೆಗೆದ್ರೆ ಸಾಕು. ಗುಳಿ ಆಳವಾಗಿದ್ರೆ ಹೊಸ ರಬ್ಬರ್ ಕಟ್ಟಿಸ್ಬೇಕು. ಚಕ್ರದ ಒಳಗಿನ ಚಿಕ್ಕ ಬುಶ್ಶಿಗೂ ಒಂದು ಹನಿ ಎಣ್ಣೆ ಬೇಕು, ಎಲ್ರೂ ಮರೆಯೋದು ಅದನ್ನೇ. ಎಣ್ಣೆ ಚಕ್ರದ ಅಂಚಿಗೆ ಬಂತೋ ಜಾರಕ್ಕೆ ಶುರು.

ಕಣ್ಣಿಗೆ ಬೀಳದ ರಬ್ಬರ್ ಇನ್ನೂ ಇವೆ. ಟಿಡಿ 124ರ ಚಾಸಿ ಕೆಳಗಿನ ಅಣಬೆ ಆಕಾರದ ರಬ್ಬರ್‌ಗಳು ಕುಸಿದು ಮಷೀನ್ ಒಂದ್ ಕಡೆ ವಾಲತ್ತೆ. ಲೆಂಕೋ ಆರ್ಮ್ ಕೂತಿರೋ ವಿ ಆಕಾರದ ತುಂಡುಗಳು ಮುಟ್ಟಿದ್ರೆ ಪುಡಿ. ಡುಯಲ್ ಮಷೀನ್‌ಗಳಲ್ಲಿ ಅಕ್ಕಿ ಕಾಳಿನಷ್ಟು ಒಂದು ರಬ್ಬರ್ ತುಣುಕಿದೆ, ಆಟೋಮ್ಯಾಟಿಕ್ ಮೆಕ್ಯಾನಿಸಮ್ ಆರ್ಮನ್ನ ಹಿಡಿಯೋದು ಅದರಿಂದ್ಲೇ, ಅದು ಉದುರಿ ಹೋಯ್ತು ಅಂದ್ರೆ ಆರ್ಮ್ ಎದ್ದು ರೆಕಾರ್ಡ್ ಮೇಲೆ ಹೋಗದೇ ನಿಂತಲ್ಲೇ ಇಳಿಯತ್ತೆ, ಜನ ಇಡೀ ಮೆಕ್ಯಾನಿಸಮ್ ಹಾಳಾಗಿದೆ ಅಂತ ಮೂಲೆಗಿಡ್ತಾರೆ. ಸರಿಯಾದ ಅಳತೆಯ ಸಿಲಿಕಾನ್ ಟ್ಯೂಬಿನ ತುಂಡು ಹಾಕಿದ್ರೆ ಮತ್ತೆ ಓಡತ್ತೆ. ಇನ್ನು ಆಟೋಮ್ಯಾಟಿಕ್ ಮಷೀನಿನ ಗ್ರೀಸು, ವರ್ಷ ಕಳೆದಂಗೆ ಮೇಣದ ಥರ ಗಟ್ಟಿಯಾಗಿ ಸನ್ನೆಗಳನ್ನೆಲ್ಲ ಹಿಡಿದಿಟ್ಟಿರತ್ತೆ. ಬಲವಂತ ಮಾಡಿ ತಿರುಗಿಸಿದ್ರೆ ಮುರಿಯತ್ತೆ. ಒಂದೊಂದೇ ಕೀಲು ಬಿಚ್ಚಿ ತೊಳೆದು ಹೊಸ ಗ್ರೀಸ್ ತೆಳ್ಳಗೆ ಹಚ್ಚಿ. ಬಿಚ್ಚೋ ಪ್ರತಿ ಹಂತದಲ್ಲೂ ಫೋಟೋ ತಗೊಳಿ, ಫೋನ್ ಇರೋದೇ ಇಂಥದ್ದಕ್ಕೆ.

ಡೈರೆಕ್ಟ್ ಡ್ರೈವಿನಲ್ಲಿ ರಬ್ಬರ್ ತಲೆನೋವು ಇಲ್ಲ, ಬದಲಿಗೆ ಬೋರ್ಡು. ಪವರ್ ಸಪ್ಲೈ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಣಗಿರ್ತವೆ, ಸ್ಪೀಡ್ ಸ್ಲೈಡರಿನಲ್ಲಿ ಧೂಳು ಕೂತು ಒಂದ್ ಜಾಗದಲ್ಲಿ ಸ್ಪೀಡ್ ಎಗರಾಡತ್ತೆ, ಬೆಸುಗೆಗಳು ಬಿರುಕು ಬಿಟ್ಟಿರ್ತವೆ. ಕಾಂಟ್ಯಾಕ್ಟ್ ಕ್ಲೀನರ್, ಹೊಸ ಕೆಪಾಸಿಟರು, ಬೆಸುಗೆಗೆ ಮತ್ತೆ ಕಾವು, ಹೆಚ್ಚಿನ ಸಲ ಇಷ್ಟಕ್ಕೇ ಸರಿ ಹೋಗತ್ತೆ. ಎಸ್ಎಲ್-1200 ಎಂಕೆ2ರಲ್ಲಿ ಪ್ಲ್ಯಾಟರ್ ಅಡಿಯಲ್ಲಿರೋ ಆಯಸ್ಕಾಂತವೇ ಮೋಟರಿನ ಅರ್ಧ ಭಾಗ, ಅದಕ್ಕೆ ಕಬ್ಬಿಣದ ಪುಡಿ ಅಂಟದ ಹಾಗೆ ನೋಡ್ಕೊಳಿ. 2010ರಲ್ಲಿ ಈ ಸರಣಿ ನಿಂತು 2016ರಲ್ಲಿ ವಾಪಸ್ ಬಂತು.

ಸ್ಪೀಡ್ ಅಳೆಯೋದು. ಹಳೇ ಸ್ಟ್ರೋಬ್ ಡಿಸ್ಕ್ (ಸುತ್ತ ಗೆರೆ ಹಾಕಿರೋ ತಟ್ಟೆ) ಇವತ್ತಿಗೂ ಚೆನ್ನಾಗೇ ಕೆಲ್ಸ ಮಾಡತ್ತೆ. 50 ಹರ್ಟ್ಜ್ ಕರೆಂಟಿನ ದೀಪ ಸೆಕೆಂಡಿಗೆ 100 ಸಲ ಮಿನುಗತ್ತೆ, ಹಾಗಾಗಿ 33⅓ಕ್ಕೆ 180 ಗೆರೆ ಇರೋ ಸುತ್ತು ನಿಂತಂಗೆ ಕಾಣತ್ತೆ, 60 ಹರ್ಟ್ಜ್ ಆದ್ರೆ 216 ಗೆರೇದು. ಎಷ್ಟೋ ಎಲ್‌ಇಡಿ ದೀಪಗಳು ಮಿನುಗೋದೇ ಇಲ್ಲ, ಅದರ ಕೆಳಗೆ ಗೆರೆ ನೋಡಿ ಮಷೀನ್ ಕೆಟ್ಟಿದೆ ಅನ್ಕೋಬೇಡಿ, ನಿಯಾನ್ ಅಥವಾ ಸ್ಟ್ರೋಬ್‌ಗೆ ಅಂತಾನೇ ಇರೋ ದೀಪ ಬಳಸಿ. ಇದಕ್ಕಿಂತ ಹೆಚ್ಚು ಹೇಳೋದು ಟೆಸ್ಟ್ ರೆಕಾರ್ಡಿನ 3150 ಹರ್ಟ್ಜ್ ಸ್ವರ. ಅದನ್ನ ಫೋನಿನ ಆಪ್‌ಗೆ ಕೇಳಿಸಿದ್ರೆ 3182 ತೋರಿಸ್ತು ಅನ್ನಿ, ಮಷೀನು ಒಂದು ಪರ್ಸೆಂಟ್ ಜೋರು. ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರ ಸುಮಾರು ಆರು ಪರ್ಸೆಂಟ್, ಹಾಗಾಗಿ ಒಂದು ಪರ್ಸೆಂಟ್ ಅಂದ್ರೆ ಶ್ರುತಿ ಚೆನ್ನಾಗಿ ಕೇಳೋರಿಗೆ ಗೊತ್ತಾಗೋಷ್ಟಿದೆ.

ಇಲ್ಲಿ ಒಬ್ರು ಕೇಳಿದ್ರು, ಸರಾಸರಿ ಸ್ಪೀಡ್ ಸರಿ ಇದೆ ಸಾರ್, ಆದ್ರೆ ಪಿಯಾನೋ ಎಳೆದ ಸ್ವರ ತೇಲಾಡತ್ತೆ, ಮೋಟರ್ ಬದಲಾಯಿಸ್ಲಾ ಅಂತ. ಮೊದಲು ರೆಕಾರ್ಡ್ ನೋಡಿ. ನಡುವಿನ ತೂತು ಅರ್ಧ ಮಿಲಿಮೀಟರ್ ಪಕ್ಕಕ್ಕಿದ್ರೆ 100 ಮಿಲಿಮೀಟರ್ ರೇಡಿಯಸ್ಸಿನಲ್ಲಿ ಸ್ಪೀಡು ಹೆಚ್ಚುಕಮ್ಮಿ ಅರ್ಧ ಪರ್ಸೆಂಟ್ ಮೇಲೆ ಕೆಳಗೆ ಆಡತ್ತೆ, ಒಳಗಿನ ಹಾಡಿಗೆ ಬಂದಂಗೆ ಇನ್ನೂ ಜಾಸ್ತಿ. ಒಳ್ಳೇ ಟರ್ನ್‌ಟೇಬಲಿನ ಸ್ವಂತ ವೌ (ಸ್ಪೀಡಿನ ನಿಧಾನ ಏರಿಳಿತ) ಅದರ ಮುಂದೆ ಏನೂ ಅಲ್ಲ. ಆರ್ಮ್ ಎಡಕ್ಕೂ ಬಲಕ್ಕೂ ತೂಗ್ತಾ ಇದ್ರೆ ತಪ್ಪು ತೂತಿನದ್ದು. ಬೇರೆ ಬೇರೆ ರೆಕಾರ್ಡಿನಲ್ಲೂ ಒಂದೇ ಥರ ಬಂದ್ರೆ ಆಗ ಬೆಲ್ಟು, ಪುಲ್ಲಿ, ಐಡ್ಲರ್ ಕಡೆ ಹೋಗಿ.

ಟೋನ್‌ಆರ್ಮ್. ಇದರ ಬೇರಿಂಗಿಗೆ ದಯವಿಟ್ಟು ಎಣ್ಣೆ ಬಿಡ್ಬೇಡಿ, ಹೆಚ್ಚಿನವು ಒಣಗೇ ಓಡೋಕೆ ಮಾಡಿರೋವು, ಎಣ್ಣೆ ಬಿಟ್ರೆ ಧೂಳು ಸೇರಿ ಅಂಟಾಗತ್ತೆ. ಕೌಂಟರ್‌ವೇಟ್ (ಆರ್ಮಿನ ಹಿಂದಿನ ತೂಕ) ತಿರುಗಿಸಿ ಆರ್ಮ್ ತೇಲೋ ಹಾಗೆ ಮಾಡಿ, ಹೆಡ್‌ಶೆಲ್ (ಕಾರ್ಟ್ರಿಡ್ಜ್ ಕೂರೋ ಮುಂದಿನ ತುದಿ) ಮೇಲೆ ಒಂದು ಚೂರು ತೆಳು ಕಾಗದ ಇಡಿ, ಆರ್ಮ್ ನಿಧಾನಕ್ಕೆ ಬಾಗಬೇಕು, ತೆಗೆದ್ರೆ ಏಳಬೇಕು. ಆಂಟಿಸ್ಕೇಟನ್ನ (ಆರ್ಮನ್ನ ಹೊರಕ್ಕೆ ಎಳೆಯೋ ಹೊಂದಾಣಿಕೆ) ಒಂದ್ ಚೂರು ಕೊಟ್ರೆ ಹೊರಗಡೆ ತಾನಾಗೇ ಜರುಗಬೇಕು. ಎಲ್ಲಾದ್ರೂ ತಡೆದು ನಿಂತ್ರೆ ಬೇರಿಂಗ್ ಬಿಗಿ ಅಥವಾ ಒಳಗಿನ ವೈರು ಗಟ್ಟಿಯಾಗಿ ಎಳೀತಿದೆ. ಹೆಡ್‌ಶೆಲ್ ಹಿಡಿದು ಮೆಲ್ಲಗೆ ಅಲ್ಲಾಡಿಸಿದಾಗ ಟಿಕ್ ಅಂತ ಸಡಿಲ ಸಿಕ್ಕಿದ್ರೂ ತಪ್ಪೇ. ಬಿಗಿ, ಸಡಿಲ ಎರಡರ ಮಧ್ಯೆ ಕೂದಲೆಳೆ ಅಂತರ, ಬೇರಿಂಗ್ ಸ್ಕ್ರೂ ಕಾಲು ಸುತ್ತಿಗಿಂತ ಹೆಚ್ಚು ಒಂದೇ ಸಲ ತಿರುಗಿಸ್ಬೇಡಿ. ಹಿಂದಿನ ಕೌಂಟರ್‌ವೇಟ್ ಕೆಳಕ್ಕೆ ಜೋತು ಬಿದ್ದಿದೆಯಾ ನೋಡಿ, ಒಳಗಿನ ರಬ್ಬರ್ ಬುಶ್ ಸತ್ತಿರತ್ತೆ. ಆರ್ಮ್ ಲಿಫ್ಟ್ ದಡಕ್ ಅಂತ ಬಿದ್ರೆ ಅದರ ಗಟ್ಟಿ ಸಿಲಿಕಾನ್ ಎಣ್ಣೆ ಖಾಲಿ, ಸ್ಟೈಲಸ್ ಮುರಿಯೋದು ಬಹಳ ಸಲ ಹೀಗೇ, ಇದನ್ನ ಮುಂದಕ್ಕೆ ಹಾಕ್ಬೇಡಿ.

ವೈರಿಂಗ್ ಬಣ್ಣ ನೆನಪಿಡೋದು ಸುಲಭ. ಬಿಳಿ ಎಡದ ಸಿಗ್ನಲ್, ನೀಲಿ ಎಡದ ಗ್ರೌಂಡ್, ಕೆಂಪು ಬಲದ ಸಿಗ್ನಲ್, ಹಸಿರು ಬಲದ ಗ್ರೌಂಡ್. ಮಲ್ಟಿಮೀಟರ್ ಹಾಕೋ ಮುಂಚೆ ಕಾರ್ಟ್ರಿಡ್ಜ್ ಬಿಚ್ಚಿಡಿ, ಮೀಟರಿನ ಕರೆಂಟು ಅದರ ಕೂದಲಿನಂಥ ಕಾಯಿಲ್‌ಗೆ ಹೋಗೋದು ಬೇಡ. ಕಾರ್ಟ್ರಿಡ್ಜ್ ಪಿನ್ನಿಗೆ ನೇರವಾಗಿ ಬೆಸುಗೆ ಹಾಕ್ಲೇಬೇಡಿ, ಕಾವಿಗೆ ಒಳಗಿನ ಸಂಪರ್ಕ ಬಿಟ್ಟೋಗತ್ತೆ, ಕ್ಲಿಪ್ಪನ್ನ ಹೊರಗೆ ಬೆಸೆದು ಆಮೇಲೆ ತಳ್ಳಿ. ಹಮ್ (ಗುಂಯ್ ಅನ್ನೋ ಸದ್ದು) ಬರ್ತಿದ್ರೆ ಪ್ರತ್ಯೇಕ ಗ್ರೌಂಡ್ ವೈರು ಪ್ರಿಆಂಪಿಗೆ ಸೇರಿದೆಯಾ, ಆರ್ಮ್ ಕೊಳವೆಯಿಂದ ಆ ವೈರಿಗೆ ಕಂಟಿನ್ಯುಟಿ ಇದೆಯಾ ಅಂತ ನೋಡಿದ್ರೆ ಹೆಚ್ಚಿನ ಸಲ ಅಲ್ಲೇ ಸಿಗತ್ತೆ. ಹಳೇ ಡಿನ್ ಪ್ಲಗ್ ಇದ್ರೆ ಅದನ್ನ ಕತ್ತರಿಸೋ ಬದಲು ಡಿನ್‌ನಿಂದ ಆರ್‌ಸಿಎಗೆ ಅಡಾಪ್ಟರ್ ಹಾಕಿ.

ಇಷ್ಟೆಲ್ಲ ಆದ್ಮೇಲೆ ಕಾರ್ಟ್ರಿಡ್ಜ್. ಇಲ್ಲಿ ಬೆಲೆ, ಹೆಸರು ನೋಡೋದಕ್ಕಿಂತ ಮೊದಲು ಆರ್ಮಿಗೆ ಹೊಂದತ್ತಾ ನೋಡಿ. ಆರ್ಮಿನ ಎಫೆಕ್ಟಿವ್ ಮಾಸ್ (ಅಲ್ಲಾಡೋವಾಗ ಸ್ಟೈಲಸ್‌ಗೆ ಅನ್ನಿಸೋ ತೂಕ), ಕಾರ್ಟ್ರಿಡ್ಜ್, ಸ್ಕ್ರೂ ಇವುಗಳ ತೂಕವನ್ನ ಗ್ರಾಮಿನಲ್ಲಿ ಕೂಡಿ, ಅದನ್ನ ಕಂಪ್ಲಯನ್ಸಿನಿಂದ (ಸ್ಟೈಲಸ್ ಎಷ್ಟು ಮೆತ್ತಗೆ ಬಾಗತ್ತೆ ಅನ್ನೋ ಅಂಕಿ) ಗುಣಿಸಿ, ವರ್ಗಮೂಲ ತೆಗೆದು, 159ನ್ನ ಅದರಿಂದ ಭಾಗಿಸಿ. ಬರೋ ಉತ್ತರ ಆರ್ಮು ಮತ್ತೆ ಸ್ಟೈಲಸ್ ಸೇರಿ ಕುಣಿಯೋ ಫ್ರೀಕ್ವೆನ್ಸಿ, ಅದು 8ರಿಂದ 12 ಹರ್ಟ್ಜ್ ಒಳಗಿರ್ಬೇಕು. 10 ಗ್ರಾಂ ಆರ್ಮು, 6 ಗ್ರಾಂ ಕಾರ್ಟ್ರಿಡ್ಜು, 1 ಗ್ರಾಂ ಸ್ಕ್ರೂ, ಕಂಪ್ಲಯನ್ಸ್ 15 ಅಂದ್ರೆ ಹತ್ತು ಹರ್ಟ್ಜ್, ಬಹಳ ಚೆನ್ನಾಗಿದೆ. ಅದೇ 20 ಗ್ರಾಂ ಆರ್ಮಿಗೆ 25ರ ಮೆತ್ತನೆ ಕಾರ್ಟ್ರಿಡ್ಜ್ ಹಾಕಿದ್ರೆ ಆರು ಹರ್ಟ್ಜ್, ಸೊಟ್ಟ ರೆಕಾರ್ಡಿನ ಏರಿಳಿತ ಸರಿಯಾಗಿ ಅಲ್ಲೇ ಬಂದು ಕೂರತ್ತೆ, ಆರ್ಮ್ ಕುಣಿಯತ್ತೆ, ಸ್ಪೀಕರ್ ಕೋನ್ ಒಳಕ್ಕೆ ಹೊರಕ್ಕೆ ಆಡತ್ತೆ. ಒಂದು ಎಚ್ಚರ, ಎಷ್ಟೋ ಜಪಾನೀ ಕಂಪನಿಗಳು ಕಂಪ್ಲಯನ್ಸನ್ನ 100 ಹರ್ಟ್ಜ್‌ನಲ್ಲಿ ಅಳೆದು ಬರೀತಾರೆ, ಈ ಲೆಕ್ಕಕ್ಕೆ ಬೇಕಿರೋದು 10 ಹರ್ಟ್ಜ್‌ನದು, ಹಾಗಾಗಿ ಅದನ್ನ ಒಂದೂವರೆಯಿಂದ ಎರಡು ಪಟ್ಟು ಮಾಡ್ಕೊಂಡು ಅಂದಾಜು ಹಾಕ್ಬೇಕು. ಡೆನಾನ್ ಡಿಎಲ್-103 ಅಷ್ಟು ಹೆಸರುವಾಸಿ, ಆದ್ರೆ ಅದು ಗಟ್ಟಿ ಸ್ವಭಾವದ್ದು, ಭಾರದ ಆರ್ಮಿನಲ್ಲಿ ಹಾಡೋದು ಹಗುರ ಆರ್ಮಿನಲ್ಲಿ ಹಾಡಲ್ಲ.

ಹಳೇ ಕಾರ್ಟ್ರಿಡ್ಜ್ ಬಾಡಿ ಒಳ್ಳೇದಿದ್ರೆ ಎಸೀಬೇಡಿ, ಕಾಯಿಲ್ ಸರಿ ಇದ್ರೆ ಸ್ಟೈಲಸ್ ಮಾತ್ರ ಹೊಸದು ಹಾಕ್ಬಹುದು. 2018ರಲ್ಲಿ ಶೂರ್ ಕಂಪನಿ ಕಾರ್ಟ್ರಿಡ್ಜ್ ಮಾಡೋದು ನಿಲ್ಲಿಸಿದ್ರೂ ಅದರ ಹಳೇ ಬಾಡಿಗಳಿಗೆ ಜಪಾನಿನ ಜಿಕೋ ಥರದವರು ಸ್ಟೈಲಸ್ ಮಾಡಿ ಕೊಡ್ತಿದಾರೆ. ಆದ್ರೆ ಎಷ್ಟು ಓಡಿದೆ ಅಂತ ಗೊತ್ತಿಲ್ಲದ ಹಳೇ ಸ್ಟೈಲಸ್ಸನ್ನ ಪರೀಕ್ಷೆ ಮಾಡಕ್ಕೆ ಕೂಡ ಒಳ್ಳೇ ರೆಕಾರ್ಡ್ ಮೇಲೆ ಇಡ್ಬೇಡಿ. ಸವೆದ ವಜ್ರದ ತುದೀಲಿ ಚೂಪು ಅಂಚು ಬಂದಿರತ್ತೆ, ಅದು ಗೀರನ್ನ ಓದೋದಲ್ಲ, ಕೆರೆಯತ್ತೆ, ಹಾಳಾದ ಗೀರು ಮತ್ತೆ ಸರಿ ಆಗಲ್ಲ. ಸಿರಾಮಿಕ್ ಕಾರ್ಟ್ರಿಡ್ಜ್ ಇರೋ ಹಳೇ ಚೇಂಜರ್‌ಗಳಲ್ಲಿ (ರೆಕಾರ್ಡ್ ತಾನಾಗೇ ಬದಲಾಯಿಸೋ ಮಷೀನುಗಳಲ್ಲಿ) ಸ್ಟೈಲಸ್ ಒತ್ತಡವೇ ನಾಲ್ಕೈದು ಗ್ರಾಂ ಅಥವಾ ಅದಕ್ಕಿಂತ ಹೆಚ್ಚು, ಅಂಥದ್ರಲ್ಲಿ ಮನಸ್ಸಿಗೆ ಹತ್ತಿರದ ಎಲ್‌ಪಿ ಹಾಕೋ ಮುಂಚೆ ಯೋಚ್ನೆ ಮಾಡಿ.

ಒತ್ತಡ ಎಷ್ಟು ಅಂತ ಇನ್ನೊಬ್ರು ಕೇಳಿದ್ರು, ಕಡಿಮೆ ಇಟ್ರೆ ರೆಕಾರ್ಡಿಗೆ ಒಳ್ಳೇದಲ್ವಾ ಅಂತ. ಅಲ್ಲ. ಹಗುರ ಆದ್ರೆ ಜೋರು ಜಾಗಗಳಲ್ಲಿ ಸ್ಟೈಲಸ್ ಗೋಡೆ ಬಿಟ್ಟು ಎಗರಿ ಮತ್ತೆ ಬಂದು ಬಡಿಯತ್ತೆ, ಆ ಹೊಡೆತದಿಂದ ಆಗೋ ಹಾಳು ಸ್ವಲ್ಪ ಭಾರದಿಂದ ಆಗೋದಕ್ಕಿಂತ ಜಾಸ್ತಿ. ಕಂಪನಿ 1.5ರಿಂದ 2 ಗ್ರಾಂ ಅಂದಿದ್ರೆ ಮೇಲಿನ ಅರ್ಧದಲ್ಲಿ ಇಡಿ, ಆರ್ಮ್ ಮೇಲಿನ ಅಂಕಿ ನಂಬದೇ ಚಿಕ್ಕ ಡಿಜಿಟಲ್ ತಕ್ಕಡೀಲಿ ರೆಕಾರ್ಡಿನ ಎತ್ತರದಲ್ಲೇ ಅಳೆದು ನೋಡಿ. ಕಾರ್ಟ್ರಿಡ್ಜ್ ನೇರ ಕೂರಿಸೋ ಅಲೈನ್‌ಮೆಂಟಿಗೆ ಪ್ರೊಟ್ರ್ಯಾಕ್ಟರ್ (ಗೆರೆ ಎಳೆದ ಅಳತೆ ಹಾಳೆ) ಇದೆ, ಬೇರ್ವಾಲ್ಡ್ ಲೆಕ್ಕದಲ್ಲಿ ಕಾರ್ಟ್ರಿಡ್ಜು ಗೀರಿಗೆ ಪೂರ್ತಿ ನೇರ ಆಗೋದು 66 ಮತ್ತು 120.9 ಮಿಲಿಮೀಟರ್ ರೇಡಿಯಸ್ಸಿನಲ್ಲಿ, ಆ ಎರಡು ಬಿಂದುವಿನಲ್ಲಿ ಕ್ಯಾಂಟಿಲಿವರ್ (ಸ್ಟೈಲಸ್ ಹಿಡಿದಿರೋ ಸಣ್ಣ ಕಡ್ಡಿ) ಗೆರೆಗೆ ಸರಿಯಾಗಿ ಕೂರೋವರೆಗೂ ಜರುಗಿಸ್ತಾ ಇರ್ಬೇಕು. ಬೇಸರದ ಕೆಲಸ, ಆದ್ರೆ ಕೊನೇ ಹಾಡಿನಲ್ಲಿ ಸ, ಶ ಅಕ್ಷರಗಳು ಸೀಳದೇ ಬಂದಾಗ ಅದರ ಬೆಲೆ ಗೊತ್ತಾಗತ್ತೆ. ರೆಕಾರ್ಡಿನ ಹೊರ ಅಂಚಿನಲ್ಲಿ ಗೀರು ಸೆಕೆಂಡಿಗೆ ಅರ್ಧ ಮೀಟರ್ ಓಡಿದ್ರೆ ಒಳಗೆ ಬರೋವಾಗ ಬರೀ 21 ಸೆಂಟಿಮೀಟರ್, ಅದೇ ಶಬ್ದವನ್ನ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುಂಬಿರ್ತಾರೆ, ಸಣ್ಣ ತಪ್ಪೂ ಅಲ್ಲೇ ಕಾಣೋದು.

ದೊಡ್ಡ ಅಪ್‌ಗ್ರೇಡ್‌ಗಳಲ್ಲಿ ನಾನು ಮನಸಾರೆ ಹೇಳೋದು ಒಂದು, ಎಸಿ ಮೋಟರಿಗೆ ಹೊರಗಿನ ಕಂಟ್ರೋಲರ್. ಶುದ್ಧವಾದ ಸೈನ್ ವೇವ್ ಹುಟ್ಟಿಸಿ, ಫ್ರೀಕ್ವೆನ್ಸಿ ಗಟ್ಟಿಯಾಗಿ ಹಿಡಿದು, ಮೋಟರ್ ಓಡಕ್ಕೆ ಶುರುವಾದ ಮೇಲೆ ವೋಲ್ಟೇಜ್ ಇಳಿಸತ್ತೆ, ನಡುಕ ಕಡಿಮೆ ಆಗತ್ತೆ, ಮಷೀನಿನಲ್ಲಿ ಒಂದು ತೂತೂ ಕೊರೆಯೋದು ಬೇಕಾಗಲ್ಲ. ಪ್ಲಿಂತ್ (ಮಷೀನ್ ಕೂರೋ ತಳದ ಪೆಟ್ಟಿಗೆ) ವಿಚಾರದಲ್ಲಿ ಎಲ್ಲದಕ್ಕೂ ಒಂದೇ ನಿಯಮ ಇಲ್ಲ. ಐಡ್ಲರ್ ಮಷೀನಿಗೆ ಪ್ಲೈವುಡ್ ಪದರ ಪದರ ಅಂಟಿಸಿದ ಭಾರದ ಪ್ಲಿಂತ್ ತುಂಬಾ ಒಳ್ಳೇದು, ಮೋಟರಿನ ಕಂಪನ ಅದ್ರಲ್ಲಿ ಸಾಯತ್ತೆ. ಸ್ಪ್ರಿಂಗ್ ಮೇಲೆ ತೇಲೋ ಟಿಡಿ 160ಗೆ ಭಾರದ ಪ್ಲಿಂತ್‌ಗಿಂತ ಸ್ಪ್ರಿಂಗ್ ಸರಿಯಾಗಿ ಕೂರಿಸೋದೇ ಮುಖ್ಯ, ಪ್ಲ್ಯಾಟರ್ ನಡುವೆ ಒತ್ತಿ ಬಿಟ್ರೆ ನೆಟ್ಟಗೆ ಮೇಲೆ ಕೆಳಗೆ ಆಡ್ಬೇಕು, ಪಕ್ಕಕ್ಕೆ ತೂಗಬಾರ್ದು. ಸಬ್‌ಚಾಸಿ ಮೇಲೆ ದಪ್ಪ ಮ್ಯಾಟು, ಭಾರದ ಕ್ಲ್ಯಾಂಪು ಹಾಕಿದ್ರೆ ಸ್ಪ್ರಿಂಗಿನ ಲೆಕ್ಕವೇ ತಪ್ಪತ್ತೆ, ಹಾಕೋದಾದ್ರೆ ಮತ್ತೆ ಹೊಂದಿಸ್ಬೇಕು.

ಹೊಸ ಆರ್ಮ್ ಹಾಕೋರಿಗೆ ನನ್ನ ಕೋರಿಕೆ, ಮೂಲ ಆರ್ಮ್‌ಬೋರ್ಡಿಗೆ (ಆರ್ಮ್ ಕೂರೋ ಹಲಗೆಗೆ) ಡ್ರಿಲ್ ಹಾಕ್ಬೇಡಿ, ಅದನ್ನ ಬಿಚ್ಚಿಟ್ಟು ಅದೇ ಅಳತೇಲಿ ಹೊಸ ಬೋರ್ಡ್ ಮಾಡಿಸಿ. ಈ ಮಷೀನುಗಳಲ್ಲಿ ಎಷ್ಟೋ ಮಾಡೆಲ್‌ಗಳನ್ನ ಯಾರೂ ಮತ್ತೆ ಮಾಡಲ್ಲ, ಇರೋವಷ್ಟೇ ಇರೋದು, ನಿಮ್ಮ ನಂತರ ಯಾರದೋ ಕೈಗೆ ಹೋಗತ್ತೆ, ಅವರಿಗೆ ಹಳೇ ರೂಪ ಬೇಕು ಅನ್ನಿಸಿದ್ರೆ ಅದು ಸಿಗೋ ಹಾಗಿರ್ಬೇಕು. ಬಿಚ್ಚಿದ ಪ್ರತಿಯೊಂದು ಭಾಗ, ಸ್ಕ್ರೂ, ವಾಷರ್ ಸಮೇತ, ಚಿಕ್ಕ ಕವರಿಗೆ ಹಾಕಿ ಚೀಟಿ ಬರೆದು ಅದೇ ಮಷೀನ್ ಜೊತೆ ಇಡಿ. ಡಸ್ಟ್ ಕವರ್ ಬಗ್ಗೆ ಕೊನೇಲಿ ಯಾರೋ ಕೇಳಿದ್ರು, ಅಕ್ರಿಲಿಕ್‌ಗೆ ಆಲ್ಕೊಹಾಲ್ ತಾಗಿಸ್ಬೇಡಿ ಜೇಡರಬಲೆ ಥರ ಬಿರುಕು ಬರತ್ತೆ, ಸೋಪು ನೀರಲ್ಲಿ ತೊಳೆದು ಪ್ಲಾಸ್ಟಿಕ್ ಪಾಲಿಶ್ ಹಾಕಿ ಮೆತ್ತನೆ ಬಟ್ಟೇಲಿ ಉಜ್ಜಿ, ಮತ್ತೆ ಹಾಡು ಕೇಳೋವಾಗ ಅದನ್ನ ಪೂರ್ತಿ ತೆಗೆದಿಟ್ಟು ಒಂದ್ಸಲ, ಹಾಕಿ ಒಂದ್ಸಲ ಕೇಳಿ ನೋಡಿ, ಕೆಲವು ಮಷೀನಲ್ಲಿ ವ್ಯತ್ಯಾಸ ಚೆನ್ನಾಗೇ ಕೇಳಿಸತ್ತೆ.